ಹಿತ್ತಲಿಲ್ಲದ ಮನೆ: ಮಾಲ್ಡೀವ್ಸ್ ಪ್ರವಾಸೋದ್ಯಮದ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಟೂರ್ ಬುಕಿಂಗ್ ಅಂಗಡಿ ಇದೆ. ಅದಕ್ಕೂ ಮುಂಚೆ, 2013ರಿಂದ 2018ರ ತನಕ, ಮಾಲ್ಡೀವ್ಸ್‌ನ ಒಂದು ರೆಸಾರ್ಟಿನ ಸ್ಟೋರಿನಲ್ಲಿ ಕೆಲಸ ಮಾಡಿದ್ದೆ. ಮದುವೆ ಸೀಸನ್ ಬಂದರೆ ಸಾಕು, ಅಂಗಡಿಗೆ ಬಂದವರು ಮೊದಲು ಕೇಳುವುದು ಅದೇ ಊರು. ಪ್ಯಾಕೇಜ್ ರೇಟಿನಿಂದ ಶುರುವಾದ ಮಾತು ಟೀ ಮುಗಿಯುವಷ್ಟರಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಕಾಲೇಜು ಹುಡುಗರೂ ಪ್ರಾಜೆಕ್ಟ್ ಅಂತ ಬಂದು ಕೇಳುತ್ತಾರೆ. ಬಾಯಲ್ಲಿ ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಮಾಲ್ಡೀವ್ಸ್ ಎಷ್ಟು ದೊಡ್ಡ ದೇಶ?

ಸುಮಾರು 1,190 ದ್ವೀಪಗಳಿವೆ. ಜನ ವಾಸ ಇರುವುದು ಹೆಚ್ಚುಕಡಿಮೆ 200ರಲ್ಲಿ. ಎಲ್ಲಾ ದ್ವೀಪಗಳ ನೆಲ ಒಟ್ಟು ಸೇರಿಸಿದರೂ ಸುಮಾರು 300 ಚದರ ಕಿಲೋಮೀಟರ್. ಅದು ಎಷ್ಟು ಅಂತ ತಿಳಿಯಬೇಕಾದರೆ ಮುನಿರಾಬಾದಿಗೆ ಹೋಗಿ ಡ್ಯಾಮ್ ನೋಡಿ. ತುಂಗಭದ್ರಾ ಜಲಾಶಯ ಪೂರ್ತಿ ತುಂಬಿದರೆ ನೀರು 378 ಚದರ ಕಿಲೋಮೀಟರ್ ಹರಡುತ್ತದೆ. ಆ ಇಡೀ ದೇಶದ ನೆಲ ನಮ್ಮ ಡ್ಯಾಮಿನ ನೀರಿನಷ್ಟೂ ಇಲ್ಲ.

ಎತ್ತರವೂ ಅಷ್ಟೇ. ಬಹುತೇಕ ನೆಲ ಸಮುದ್ರಮಟ್ಟದಿಂದ ಒಂದೂವರೆ ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ, ಒಂದು ಆಳಿನ ಎತ್ತರವೂ ಆಗುವುದಿಲ್ಲ. ಹೊಳೆ ಇಲ್ಲ, ಗುಡ್ಡ ಇಲ್ಲ, ನಮ್ಮ ಕಡೆಯಂಥ ಹೊಲ ಇಲ್ಲ. 2022ರ ಜನಗಣತಿ ಪ್ರಕಾರ ಹೊರದೇಶದ ಕಾರ್ಮಿಕರೂ ಸೇರಿ 5 ಲಕ್ಷದ ಮೇಲೆ ಸ್ವಲ್ಪ ಜನ. 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷಕ್ಕೂ ಜಾಸ್ತಿ. ಮನೆಯಲ್ಲಿರುವ ಒಬ್ಬೊಬ್ಬರಿಗೂ ವರ್ಷಕ್ಕೆ ನಾಲ್ಕು ಜನ ನೆಂಟರು ಬಂದಂತೆ.

ಇದೆಲ್ಲ ಯಾವಾಗ ಶುರುವಾಯಿತು?

1972ರಲ್ಲಿ. ರಾಜಧಾನಿ ಮಾಲೆ ಹತ್ತಿರದ ಒಂದು ತೆಂಗಿನ ದ್ವೀಪದಲ್ಲಿ ಮೊದಲ ರೆಸಾರ್ಟ್ ತೆರೆಯಿತು. ಹೆಸರು ಕುರುಂಬಾ. ಅವರ ದಿವೇಹಿ ಭಾಷೆಯಲ್ಲಿ ಹಾಗಂದರೆ ಎಳನೀರು. ಅಲ್ಲಿಯವರೆಗೆ ಆ ಜನರ ಬದುಕು ಮೀನಿನ ಮೇಲೆ ನಿಂತಿತ್ತು. ಅವರು ತಮ್ಮ ಮರದ ದೋಣಿಯನ್ನು ಇವತ್ತಿಗೂ ‘ದೋನಿ’ ಅಂತಲೇ ಕರೆಯುತ್ತಾರೆ. ಮೊದಲ ದಿನ ಕೇಳಿದಾಗ ನನಗೆ ಮನೆ ನೆನಪಾಗಿತ್ತು.

ಅಷ್ಟು ದುಡ್ಡು ಬರುತ್ತದಲ್ವಾ? ಒಳ್ಳೇದೇ ಆಗಿದೆಯಲ್ಲ?

ಆಗಿದೆ. ಅದನ್ನು ಮುಚ್ಚಿಡುವುದಿಲ್ಲ. ಶಾಲೆ, ಆಸ್ಪತ್ರೆ, ಮನೆಮನೆಗೂ ಕರೆಂಟು, ಇವುಗಳ ಹಿಂದೆ ಪ್ರವಾಸಿಗರ ದುಡ್ಡಿದೆ. ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ನೇರವಾಗಿ ಇದರಿಂದಲೇ. ಹೊರಗಿನಿಂದ ಬರುವ ಡಾಲರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದರಿಂದಲೇ.

ಆದರೆ ನಾನು ಐದು ವರ್ಷ ನೋಡಿದ್ದನ್ನು ಒಂದೇ ಮಾತಿನಲ್ಲಿ ಹೇಳು ಅಂದರೆ, ಆ ದೇಶಕ್ಕೆ ಅಂಗಳ ಇದೆ, ಹಿತ್ತಲಿಲ್ಲ. ನಮ್ಮ ಮನೆಗೆ ನೆಂಟರು ಬಂದರೆ ಮುಸುರೆ ಪಾತ್ರೆ ಹಿತ್ತಲಿಗೆ ಹೋಗುತ್ತದೆ. ಕಸ ತಿಪ್ಪೆಗೆ ಹೋಗುತ್ತದೆ. ಅಕ್ಕಿ ಕಡಿಮೆಯಾದರೆ ಪಕ್ಕದ ಓಣಿಯಲ್ಲಿ ಅಂಗಡಿ ಇದೆ. ನೆಂಟರು ಬರಲೇ ಇಲ್ಲ ಅಂದರೂ ಹೊಲದ ಬೆಳೆ ಇದೆ. ಸಣ್ಣ ದ್ವೀಪಕ್ಕೆ ಇದ್ಯಾವುದೂ ಇಲ್ಲ. ಬಂದ ಭಾರವೆಲ್ಲ ಅಂಗಳದ ಮೇಲೆಯೇ ಬೀಳುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಬಂದ ದುಡ್ಡು ಅಲ್ಲೇ ಉಳಿಯುವುದಿಲ್ಲವಾ?

ಇದಕ್ಕೆ ಸ್ಟೋರಿನಲ್ಲಿ ಇದ್ದವನೇ ಉತ್ತರ ಕೊಡಬೇಕು. ವಾರಕ್ಕೆ ಮೂರು ಸಲ ಸರಕಿನ ದೋಣಿ ಬರುತ್ತಿತ್ತು. ಪಟ್ಟಿ ಹಿಡಿದು ಒಂದೊಂದೇ ಪೆಟ್ಟಿಗೆ ಎಣಿಸುವುದು ನನ್ನ ಕೆಲಸ. ಬೆಣ್ಣೆ ನ್ಯೂಜಿಲೆಂಡಿನದು. ಕುರಿ ಮಾಂಸ ಆಸ್ಟ್ರೇಲಿಯಾದ್ದು. ಸಲಾಡಿನ ಸೊಪ್ಪು ಯುರೋಪಿನಿಂದ ವಿಮಾನದಲ್ಲಿ ಬರುತ್ತಿತ್ತು, ಒದ್ದೆ ಕಾಗದ ಸುತ್ತಿ, ಹಸುಗೂಸನ್ನು ಸುತ್ತಿದಂತೆ. ತರಕಾರಿ ತೂತುಕುಡಿಯಿಂದ. ಚೇರು, ಟವೆಲ್ಲು, ಬಲ್ಬು, ಸೋಪು, ಜನರೇಟರಿನ ಡೀಸೆಲ್ಲು, ಎಲ್ಲವೂ ಹೊರಗಿನವೇ. ಇಡೀ ಪಟ್ಟಿಯಲ್ಲಿ ಅಲ್ಲಿಯದೇ ಅನ್ನುವಂಥದ್ದು ಮೀನು, ತೆಂಗಿನಕಾಯಿ, ಒಂದಷ್ಟು ಪಪ್ಪಾಯಿ. ಪ್ರವಾಸಿ ಕೊಟ್ಟ ಡಾಲರು ಇವನ್ನೆಲ್ಲ ತರಿಸಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು. ರೆಸಾರ್ಟ್ ನಡೆಸುವ ಕಂಪನಿ ಹೊರದೇಶದ್ದಾದರೆ ಲಾಭವೂ ಹೊರಗೇ. ನನ್ನ ಸಂಬಳವೂ ಅಷ್ಟೇ ಅಲ್ವಾ, ಗಂಗಾವತಿಗೆ ಬರುತ್ತಿತ್ತು.

ನಮ್ಮ ದೇಶದಿಂದ ಎಷ್ಟು ಹೋಗುತ್ತದೆ ಅಂತ ತಿಳಿದರೆ ಆಶ್ಚರ್ಯ ಆಗುತ್ತದೆ. 1981ರ ವ್ಯಾಪಾರ ಒಪ್ಪಂದದ ಪ್ರಕಾರ ಭಾರತ ಪ್ರತಿವರ್ಷ ಮಾಲ್ಡೀವ್ಸ್‌ಗೆ ಇಂತಿಷ್ಟು ಅಗತ್ಯ ವಸ್ತು ಅಂತ ಕೋಟಾ ಕೊಡುತ್ತದೆ. 2024-25ರ ಕೋಟಾದಲ್ಲಿ ಅಕ್ಕಿ ಸುಮಾರು 1.24 ಲಕ್ಷ ಟನ್, ಈರುಳ್ಳಿ ಸುಮಾರು 35,700 ಟನ್, ಮೊಟ್ಟೆ 42 ಕೋಟಿಗೂ ಜಾಸ್ತಿ. ಅದರ ಜೊತೆಗೆ ಹೊಳೆ ಮರಳು 10 ಲಕ್ಷ ಟನ್, ಜಲ್ಲಿಕಲ್ಲು 10 ಲಕ್ಷ ಟನ್. ಸುತ್ತ ಬರೀ ಮರಳೇ ಕಾಣುವ ದೇಶಕ್ಕೆ ಮನೆ ಕಟ್ಟುವ ಮರಳು ನಾವು ಕಳಿಸಬೇಕು. ಅಷ್ಟು ಮರಳು ಎಂದರೆ ಯಾವುದೋ ಹೊಳೆಯ ಒಡಲು ಬಗೆದಂತೆಯೇ. ತುಂಗಭದ್ರೆಯ ದಂಡೆಯಲ್ಲಿ ಮರಳಿನ ಟ್ರ್ಯಾಕ್ಟರ್ ನೋಡಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಇಷ್ಟು ಡಾಲರ್ ಬರುವ ದೇಶದಲ್ಲೇ ಡಾಲರಿಗೆ ಬರ. ಮಗನನ್ನು ಹೊರದೇಶಕ್ಕೆ ಓದಲು ಕಳಿಸುವವರು, ಚಿಕಿತ್ಸೆಗೆಂದು ತಿರುವನಂತಪುರಕ್ಕೆ ಹೊರಟವರು, ಬ್ಯಾಂಕಿನಲ್ಲಿ ಡಾಲರ್ ಸಿಗದೆ ಬ್ಲ್ಯಾಕಿನಲ್ಲಿ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. 2024ರ ಅಕ್ಟೋಬರಿನಲ್ಲಿ ಭಾರತ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯದ ನೆರವು ಕೊಡಬೇಕಾಯಿತು. ರೆಸಾರ್ಟುಗಳು ಗಳಿಸಿದ ಡಾಲರಿನಲ್ಲಿ ಒಂದು ಪಾಲನ್ನು ದೇಶದ ಬ್ಯಾಂಕಿನಲ್ಲೇ ಬದಲಾಯಿಸಬೇಕು ಅನ್ನುವ ನಿಯಮವೂ ಆಗಲೇ ಬಂತು.

ಕಸ ಎಲ್ಲಿಗೆ ಹೋಗುತ್ತದೆ?

ತಿಲಫುಶಿಗೆ. ಮಾಲೆಯಿಂದ ಏಳೆಂಟು ಕಿಲೋಮೀಟರ್ ದೂರ ಅಷ್ಟೇ. 1990ರ ದಶಕದ ಆರಂಭದವರೆಗೂ ಅದು ದ್ವೀಪವೇ ಆಗಿರಲಿಲ್ಲ, ಹವಳದ ದಿಬ್ಬದ ನಡುವಿನ ತಿಳಿನೀರು. ಅಲ್ಲಿ ಕಸ ಸುರಿದು ಸುರಿದು ನೆಲ ಮಾಡಿದರು. ವರ್ಷಗಟ್ಟಲೆ ಅಲ್ಲಿ ಬಯಲಲ್ಲೇ ಕಸ ಸುಡುತ್ತಿದ್ದರು.

ನಾನು ಒಂದು ಸಲ ಸರಕಿನ ದೋಣಿಯಲ್ಲಿ ಹೋಗಿ ನೋಡಿದ್ದೇನೆ. ದೂರದಿಂದಲೇ ಬೂದು ಹೊಗೆ ಕಾಣುತ್ತಿತ್ತು. ಹತ್ತಿರ ಹೋದಂತೆ ಗಂಟಲು ಕೆರೆಯುತ್ತಿತ್ತು. ಸುಟ್ಟ ಪ್ಲಾಸ್ಟಿಕ್ಕು, ಕೊಳೆತ ಅನ್ನ, ಎರಡೂ ಸೇರಿದ ವಾಸನೆ. ಬಾಂಗ್ಲಾದೇಶದ ಹುಡುಗರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಬ್ಬಿಣ ಹೆಕ್ಕುತ್ತಿದ್ದರು. ಅವರ ಕಾಲ ಬಳಿ ನಮ್ಮದೇ ರೆಸಾರ್ಟಿನ ಹೆಸರಿದ್ದ ಶಾಂಪೂ ಬಾಟಲಿಗಳು ಬಿದ್ದಿದ್ದವು. ಹೆಬ್ಬೆರಳಿನ ಗಾತ್ರದವು, ಅರ್ಧ ಖರ್ಚಾದವು. ಅವುಗಳ ಪೆಟ್ಟಿಗೆಯನ್ನು ಎಣಿಸಿ ಒಳಗಿಟ್ಟವನು ನಾನೇ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಪ್ರವಾಸಿಯ ಕಸ ಮಾತ್ರ ಅಲ್ಲಿಗೆ ಹೋಗುತ್ತದೆ ಅಂತಲ್ಲ, ಮಾಲೆ ಊರಿನ ಕಸವೂ ಹೋಗುತ್ತದೆ. ಆದರೆ ದಿನಕ್ಕೆ ಮೂರು ಸಲ ಬಫೆ ಇಡುವ, ದಿನವೂ ಹೊಸ ಬಾಟಲಿ ಇಡುವ ರೂಮಿನಲ್ಲಿ ಇರುವವರು ಅಲ್ಲಿಯ ಒಬ್ಬ ಮೀನುಗಾರನಿಗಿಂತ ಎಷ್ಟೋ ಪಾಲು ಜಾಸ್ತಿ ಕಸ ಮಾಡುತ್ತಾರೆ. ಇದನ್ನು ಸ್ಟೋರಿನ ಲೆಕ್ಕದ ಪುಸ್ತಕವೇ ಹೇಳುತ್ತಿತ್ತು.

ಸುತ್ತ ನೀರೇ ಇರುವಾಗ ನೀರಿಗೆ ಏನು ಕೊರತೆ?

ಅದು ಉಪ್ಪುನೀರು. ಮಾಲೆಯಲ್ಲಿ ನಲ್ಲಿಗೆ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದು ಕೊಟ್ಟ ನೀರು. 2014ರ ಡಿಸೆಂಬರ್ 4ರಂದು ಆ ಘಟಕದಲ್ಲಿ ಬೆಂಕಿ ಬಿತ್ತು. ಲಕ್ಷಕ್ಕೂ ಜಾಸ್ತಿ ಜನರ ನಲ್ಲಿ ನಿಂತುಹೋಯಿತು. ಭಾರತ ವಿಮಾನದಲ್ಲಿ ನೀರು ಕಳಿಸಿತು, ನೌಕಾಪಡೆಯ ಸುಕನ್ಯಾ, ದೀಪಕ್ ಹಡಗುಗಳೂ ಹೋದವು.

ಆ ವಾರ ನನಗೆ ಮರೆಯುವುದಿಲ್ಲ. ಮಾಲೆಯಲ್ಲಿದ್ದ ನನ್ನ ಗೆಳೆಯ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತು ಫೋನ್ ಮಾಡುತ್ತಿದ್ದ. ನಮ್ಮ ದ್ವೀಪದಲ್ಲಿ ಏನೂ ಆಗಿರಲಿಲ್ಲ. ರೆಸಾರ್ಟುಗಳಿಗೆ ಅವರದೇ ಘಟಕ ಇರುತ್ತದೆ. ಸಂಜೆ ನಾಲ್ಕಕ್ಕೆ ಎಂದಿನಂತೆ ತೋಟದ ಪೈಪು ಬಿಟ್ಟರು. ದಾಸವಾಳದ ಗಿಡದ ಬುಡದಲ್ಲಿ ಸಿಹಿನೀರು ಹರಿದು ಮರಳಿಗೆ ಇಂಗುತ್ತಿತ್ತು. ನಮ್ಮ ಮ್ಯಾನೇಜರ್ ಕೆಟ್ಟವನಲ್ಲ. ನೀರು ಬಿಡಬೇಡಿ ಅಂತ ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಒಂದೇ ದೇಶದಲ್ಲಿ ಎರಡು ಬದುಕು ಅಕ್ಕಪಕ್ಕ ನಡೆಯುತ್ತಿರುತ್ತವೆ, ಒಂದರ ನೋವು ಇನ್ನೊಂದಕ್ಕೆ ಕೇಳುವುದಿಲ್ಲ.

ಹವಳ ಹಾಳಾಗುವುದು ಪ್ರವಾಸಿಗರಿಂದಲೇ?

ಪೂರ್ತಿ ಅಲ್ಲ. 1998ರಲ್ಲಿ, ಆಮೇಲೆ 2016ರಲ್ಲಿ ಸಮುದ್ರ ವಿಪರೀತ ಬಿಸಿಯಾಗಿ ಹವಳ ಬಿಳುಚಿಕೊಂಡಿತು. 2016ರಲ್ಲಿ ಪರೀಕ್ಷೆ ಮಾಡಿದ ಕಡೆ 60 ಶೇಕಡಕ್ಕೂ ಹೆಚ್ಚು ಹವಳ ಬಿಳುಚಿತ್ತು. ಅದು ಇಡೀ ಜಗತ್ತಿನ ಹೊಗೆಯ ಫಲ. ಆದರೆ ಕಾಯಿಲೆ ಬಿದ್ದವರನ್ನು ಮತ್ತೆ ಮತ್ತೆ ತುಳಿದರೆ ಹೇಗೆ ಎದ್ದಾರು?

ಮರಳಿನ ವಿಷಯ ಹೇಳಿದರೆ ತಿಳಿಯುತ್ತದೆ. ಅಲ್ಲಿ ಎರಡು ಮಾರುತ. ನೈಋತ್ಯದ ‘ಹುಲ್ಹಂಗು’, ಈಶಾನ್ಯದ ‘ಇರುವೈ’. ಒಂದರಲ್ಲಿ ದ್ವೀಪದ ಮರಳು ಒಂದು ಬದಿಗೆ ಸರಿಯುತ್ತದೆ, ಇನ್ನೊಂದರಲ್ಲಿ ಮರಳಿ ಬರುತ್ತದೆ. ದ್ವೀಪ ಉಸಿರಾಡಿದಂತೆ ಅದು. ಪ್ರವಾಸಿಗೆ ಮಾತ್ರ ವರ್ಷಪೂರ್ತಿ ರೂಮಿನ ಮುಂದೆ ಬೀಚು ಬೇಕು. ಅದಕ್ಕಾಗಿ ಗೋಡೆ ಕಟ್ಟುತ್ತಾರೆ, ಜೆಟ್ಟಿ ಹಾಕುತ್ತಾರೆ. ಹೋದ ಮರಳಿಗೆ ವಾಪಸ್ ಬರುವ ದಾರಿ ಮುಚ್ಚುತ್ತದೆ. ಆಮೇಲೆ ತಳದ ಮರಳನ್ನು ಪಂಪಿನಲ್ಲಿ ಎಳೆದು ದಂಡೆಗೆ ಹಾಕುತ್ತಾರೆ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಆ ಪಂಪು ಶುರುವಾಗುತ್ತಿತ್ತು, ಪ್ರವಾಸಿಗರು ಏಳುವಷ್ಟರಲ್ಲಿ ನಿಲ್ಲುತ್ತಿತ್ತು. ಆ ಹೊತ್ತಿಗೆ ತಿಳಿನೀರು ಹಾಲು ಕದಡಿದಂತೆ ಆಗಿರುತ್ತಿತ್ತು. ಕದಡಿದ ಸಣ್ಣ ಮರಳು ಹವಳದ ಮೇಲೆ ಕೂರುತ್ತದೆ. ಬೆಳಕು ಸಿಗದೆ, ಉಸಿರು ಕಟ್ಟಿ ಹವಳ ಸಾಯುತ್ತದೆ. ಅಲೆಯ ಹೊಡೆತ ತಡೆಯುವುದು ಅದೇ ಹವಳ. ಹವಳ ಹೋದರೆ ದ್ವೀಪಕ್ಕೆ ಕಾವಲಿಲ್ಲ.

ಸ್ಥಳೀಯರಿಗೆ ಕೆಲಸ ಸಿಗುತ್ತದಲ್ಲವಾ?

ಸಿಗುತ್ತದೆ. ಆದರೆ ದೊಡ್ಡ ಪಾಲು ಬಾಂಗ್ಲಾದೇಶ, ಭಾರತ, ಶ್ರೀಲಂಕಾದವರದು. ನಾವು ಕಡಿಮೆ ಸಂಬಳಕ್ಕೆ ದುಡಿಯುತ್ತೇವೆ, ಮನೆಗೆ ಹೋಗಬೇಕು ಅನ್ನುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ರೆಸಾರ್ಟಿನಲ್ಲಿ ಕಾಣುವುದು ಬಹಳ ಕಡಿಮೆ. ಕೆಲಸ ಬೇಕಾದರೆ ಮನೆ ಬಿಟ್ಟು ಬೇರೆ ದ್ವೀಪದಲ್ಲಿ ತಿಂಗಳುಗಟ್ಟಲೆ ಇರಬೇಕು, ಅದಕ್ಕೆ ಮನೆಯವರು ಒಪ್ಪುವುದಿಲ್ಲ.

ಇಬ್ರಾಹಿಂ ಅಂತ ಕರೆಯೋಣ, ಅದು ಅವರ ನಿಜವಾದ ಹೆಸರಲ್ಲ. ಅರವತ್ತು ದಾಟಿದ ಮೀನುಗಾರ. ಸಂಜೆ ಟ್ಯೂನಾ ಮೀನು ತಂದು ಹಿಂದಿನ ಜೆಟ್ಟಿಯಲ್ಲಿ ತೂಗಿಸುತ್ತಿದ್ದರು. ಗಾಳ ಹಾಕಿ ಒಂದೊಂದೇ ಮೀನು ಹಿಡಿಯುವುದು ಅವರ ಪದ್ಧತಿ, ಬಲೆ ಬೀಸಿ ಬಾಚುವುದಿಲ್ಲ. ಒಂದು ದಿನ ಬೀಚಿನ ಕಡೆ ಕೈ ತೋರಿಸಿ ಹೇಳಿದರು: ಚಿಕ್ಕವನಿದ್ದಾಗ ಅಪ್ಪನ ಜೊತೆ ಇದೇ ದ್ವೀಪಕ್ಕೆ ಬಂದು ತೆಂಗಿನಕಾಯಿ ಕೀಳುತ್ತಿದ್ದೆ, ಅಗೋ ಆ ಮರದ ಕೆಳಗೆ ಮಲಗುತ್ತಿದ್ದೆ ಅಂತ. ಈಗ ಆ ಮರದ ಹತ್ತಿರ ಹೋಗಲು ಅವರಿಗೆ ಅನುಮತಿ ಬೇಕು. ಸರ್ಕಾರ ದ್ವೀಪವನ್ನು ಹತ್ತಾರು ವರ್ಷಕ್ಕೆ ಲೀಸಿಗೆ ಕೊಟ್ಟ ಮೇಲೆ ಅದು ಕಂಪನಿಯ ಜಾಗ. ಅವರು ಸಿಟ್ಟಿನಿಂದ ಹೇಳಲಿಲ್ಲ. ತೂಕದ ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು ದೋಣಿ ತಿರುಗಿಸಿದರು.

ಕೋವಿಡ್ ಬಂದಾಗ ಏನಾಯಿತು?

2020ರ ಮಾರ್ಚ್ ಕೊನೆಯಲ್ಲಿ ಗಡಿ ಮುಚ್ಚಿದರು, ಜುಲೈ 15ಕ್ಕೆ ತೆರೆದರು. ಅಷ್ಟರಲ್ಲೇ ಏಟು ಬಿದ್ದಾಗಿತ್ತು. 2019ರಲ್ಲಿ 17 ಲಕ್ಷ ಇದ್ದ ಪ್ರವಾಸಿಗರು 2020ರಲ್ಲಿ ಐದೂವರೆ ಲಕ್ಷಕ್ಕೆ ಇಳಿದರು. ಆ ಒಂದೇ ವರ್ಷ ದೇಶದ ಆರ್ಥಿಕತೆ ಸುಮಾರು ಮೂರನೇ ಒಂದು ಭಾಗ ಕುಗ್ಗಿತು. ನಮ್ಮ ಹಳೆಯ ರೆಸಾರ್ಟಿನ ಹುಡುಗರು ಸಂಬಳ ಇಲ್ಲದೆ ಊರಿಗೆ ಹೋದರು. ಆಗ ಗಂಗಾವತಿಯಲ್ಲಿ ನನಗೂ ವ್ಯಾಪಾರ ಇರಲಿಲ್ಲ. ಆದರೆ ಸುತ್ತ ಭತ್ತದ ಗದ್ದೆ ಇತ್ತು, ರೈಸ್ ಮಿಲ್ ಇತ್ತು, ಅಣ್ಣನ ಮನೆಯಿಂದ ಅಕ್ಕಿ ಚೀಲ ಬಂತು. ಹಿತ್ತಲು ಅಂದೆನಲ್ಲ, ಅದು ಇದೇ.

2024ರಲ್ಲಿ ಭಾರತೀಯರು ಹೋಗುವುದು ನಿಲ್ಲಿಸಿದರಲ್ಲ, ಒಳ್ಳೆ ಪಾಠ ಆಯಿತಲ್ಲವಾ?

ಯಾರಿಗೆ ಪಾಠ? ನಮ್ಮ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋದ ಮೇಲೆ ಮಾಲ್ಡೀವ್ಸ್‌ನ ಕೆಲವು ಉಪಮಂತ್ರಿಗಳು ಅವರ ಬಗ್ಗೆ ಕೆಟ್ಟದಾಗಿ ಬರೆದರು, ಅದು ತಪ್ಪೇ. ಅವರನ್ನು ಅಮಾನತು ಮಾಡಿದರು. 2023ರಲ್ಲಿ 2 ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು 2024ರಲ್ಲಿ ಸುಮಾರು 1.3 ಲಕ್ಷಕ್ಕೆ ಇಳಿದರು. ನನ್ನ ಅಂಗಡಿಯಲ್ಲೂ ಬುಕಿಂಗ್ ರದ್ದಾದವು. ಆ ಉಪಮಂತ್ರಿಗಳ ಊಟಕ್ಕೆ ಅದರಿಂದ ಕಡಿಮೆಯಾಗಲಿಲ್ಲ. ಬ್ಯಾಂಕ್ ಸಾಲ ಮಾಡಿ ನಾಲ್ಕು ರೂಮಿನ ಗೆಸ್ಟ್ ಹೌಸ್ ಕಟ್ಟಿದವರಿಗೆ ಆಯಿತು. ಬೇರೆ ದೇಶದ ಜನರ ಮನಸ್ಸು ಒಂದು ವಾರದಲ್ಲಿ ತಿರುಗಿದರೆ ನಮ್ಮ ಒಲೆ ಆರುತ್ತದೆ ಅನ್ನುವ ಸ್ಥಿತಿ ಯಾವ ದೇಶಕ್ಕೂ ಬೇಡ.

ನಮ್ಮ ವಿರೂಪಾಪುರ ಗಡ್ಡಿಯಲ್ಲೂ ಹೀಗೇ ಆಯಿತಲ್ಲವಾ?

ಈ ಪ್ರಶ್ನೆ ಕೇಳುವವರು ಗಂಗಾವತಿ, ಆನೆಗುಂದಿ ಕಡೆಯವರೇ. ಹೌದು, ಸ್ವಲ್ಪ ಹೀಗೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಂಪಿಯ ಎದುರು ದಂಡೆಗೆ, ತುಂಗಭದ್ರೆ ಸೀಳಿಕೊಂಡು ಹರಿಯುವ ಕಡೆ ಇರುವ ನಡುಗಡ್ಡೆ ಅದು. ಕೊಪ್ಪಳ ಜಿಲ್ಲೆಗೆ ಸೇರಿದ್ದು. ಭತ್ತದ ಗದ್ದೆಯ ನಡುವೆ ಗುಡಿಸಲು, ಹೋಟೆಲು, ರೆಸಾರ್ಟು ಎದ್ದವು. ವಿದೇಶಿಯರು ತಿಂಗಳುಗಟ್ಟಲೆ ಇರುತ್ತಿದ್ದರು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಅಲ್ಲಿ ಸಿಕ್ಕಿಕೊಂಡ ನೂರಾರು ಜನರನ್ನು ಹೊರತರಲು ಹೆಲಿಕಾಪ್ಟರ್ ಬರಬೇಕಾಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಪರಂಪರೆ ಪ್ರದೇಶದಲ್ಲಿ ನಿಯಮ ಮೀರಿ ಕಟ್ಟಿದ್ದವನ್ನು ಮಾರ್ಚಿನಲ್ಲಿ ಜೆಸಿಬಿ ತಂದು ಕೆಡವಿದರು. ಅದೇ ತಿಂಗಳು ಲಾಕ್‌ಡೌನ್.

ಕೆಡವಿದ ಮೇಲೆ ನಾನು ಹೋಗಿದ್ದೆ. ಒಬ್ಬ ಅಕ್ಕ ಮುರಿದ ಗೋಡೆಯ ಪಕ್ಕ ಕೂತು ಸ್ಟೀಲ್ ತಟ್ಟೆ ಜೋಡಿಸುತ್ತಿದ್ದರು. “ತಮ್ಮಾ, ಹನ್ನೆರಡು ವರ್ಷ ಇಲ್ಲೇ ದ್ವಾಸಿ ಹಾಕೀನಿ. ಬೆಂಡಿ ಹಚ್ಚಿದ್ದ ಹೊಲದಾಗ ರೂಮ್ ಕಟ್ಟಿದ್ವಿ. ಈಗ ರೂಮೂ ಇಲ್ಲ, ಬೆಂಡೀನೂ ಇಲ್ಲ” ಅಂದರು. ಕೋರ್ಟು ಹೇಳಿದ್ದು ಸರಿ ಅಂತ ನನಗೆ ಅನಿಸುತ್ತದೆ. ಆ ಅಕ್ಕನ ಮಾತೂ ಸುಳ್ಳಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಗಡ್ಡಿಯವರಿಗೆ ಆಚೆ ದಂಡೆ ಇತ್ತು. ಕೆಲವರು ಸಣಾಪುರಕ್ಕೆ, ಹನುಮನಹಳ್ಳಿಗೆ, ಆನೆಗುಂದಿಗೆ ಹೋಗಿ ಹೊಸದಾಗಿ ಶುರು ಮಾಡಿದರು. ಕೆಲವರು ಮತ್ತೆ ನಾಟಿಗೆ ಹೋದರು. ಆ ಅಕ್ಕ ಈಗ ಗಂಗಾವತಿಯಲ್ಲಿ ಮಿರ್ಚಿ ಬಂಡಿ ಇಟ್ಟಿದ್ದಾರೆ. ದೇಶವೇ ಗಡ್ಡಿಯಾದರೆ ಯಾವ ದಂಡೆಗೆ ಹೋಗುವುದು? ರಾಯಚೂರಿನ ಕುರ್ವಕುಲ, ಕುರ್ವಕುರ್ದಾದಂಥ ಕೃಷ್ಣೆಯ ನಡುಗಡ್ಡೆಗಳ ಜನರಿಗೆ ಇದು ಬೇಗ ಅರ್ಥವಾದೀತು. ಹೊಳೆ ಬಂದು ಹರಿಗೋಲು ನಿಂತ ದಿನ ಸುತ್ತ ನೀರು ಅಂದರೆ ಏನು ಅಂತ ಅವರು ಕಂಡಿದ್ದಾರೆ.

ರೆಸಾರ್ಟ್ ಬೇಡ, ಊರವರ ಗೆಸ್ಟ್ ಹೌಸಿಗೆ ಹೋದರೆ?

ಎಷ್ಟೋ ವಾಸಿ. 2009ರ ಆಸುಪಾಸಿನಲ್ಲಿ ಜನವಾಸದ ದ್ವೀಪಗಳಲ್ಲಿ ಗೆಸ್ಟ್ ಹೌಸಿಗೆ ಅನುಮತಿ ಸಿಕ್ಕಿತು. ಮಾಫುಶಿ ಅನ್ನುವ ದ್ವೀಪ ಅದಕ್ಕೆ ಹೆಸರಾಯಿತು. ದುಡ್ಡು ಊರವರ ಕೈಗೆ ಬರುತ್ತದೆ, ಹೆಣ್ಣುಮಕ್ಕಳು ಮನೆಯಲ್ಲೇ ಇದ್ದು ದುಡಿಯಬಹುದು. ತೊಂದರೆ ಇಲ್ಲ ಅಂತಲ್ಲ. ಸಣ್ಣ ಊರಿಗೆ ಒಮ್ಮೆಲೇ ಹೋಟೆಲ್ ಜಾಸ್ತಿಯಾದರೆ ಕಸ, ಚರಂಡಿ, ಬಾಡಿಗೆ ಎಲ್ಲ ಏರುತ್ತವೆ. ಅವರದು ಮುಸ್ಲಿಂ ದೇಶ, ಊರೊಳಗೆ ಹೆಂಡ ಇಲ್ಲ. ಈಜುಡುಗೆಗೆ ಬೇರೆಯೇ ಬೀಚು ಮೀಸಲಿಟ್ಟಿದ್ದಾರೆ. ಅಷ್ಟನ್ನು ಪಾಲಿಸದೆ ಓಣಿಯಲ್ಲಿ ತಿರುಗುವವರನ್ನು ಕಂಡು ಅಲ್ಲಿಯ ಹಿರಿಯರು ತಲೆ ತಗ್ಗಿಸಿ ಹೋಗುವುದನ್ನು ನೋಡಿದ್ದೇನೆ. ಬೇಜಾರಾಗುತ್ತದೆ.

ಹಾಗಾದರೆ ಲಕ್ಷದ್ವೀಪಕ್ಕೆ ಹೋಗೋಣವಾ?

ಅದು ಇನ್ನೂ ಚಿಕ್ಕದು, ನೆಲ 32 ಚದರ ಕಿಲೋಮೀಟರ್ ಮಾತ್ರ. ಹೋಗಲು ಪರವಾನಗಿ ಬೇಕು. ಆ ಪರವಾನಗಿ ಕಿರಿಕಿರಿ ಅಂತ ಬೈಯಬೇಡಿ.

ಬೇರೆ ದ್ವೀಪ ದೇಶಗಳು ಏನು ಮಾಡಿವೆ?

ನನಗೆ ಹಿಡಿಸಿದ್ದು ಪಲಾವ್ ದೇಶದ್ದು. ಪೆಸಿಫಿಕ್ ಸಾಗರದಲ್ಲಿದೆ, ಜನ 18 ಸಾವಿರದ ಆಸುಪಾಸು. 2017ರ ಕೊನೆಯಿಂದ ಅಲ್ಲಿಗೆ ಹೋದವರ ಪಾಸ್‌ಪೋರ್ಟಿನಲ್ಲೇ ಒಂದು ಪ್ರತಿಜ್ಞೆ ಅಚ್ಚು ಒತ್ತುತ್ತಾರೆ, ಈ ದ್ವೀಪವನ್ನು ಹಾಳು ಮಾಡುವುದಿಲ್ಲ ಅಂತ ಸಹಿ ಹಾಕಿಯೇ ಒಳಗೆ ಹೋಗಬೇಕು. ಅದು ಆ ದೇಶದ ಮಕ್ಕಳಿಗೆ ಕೊಡುವ ಮಾತು. 2020ರ ಜನವರಿಯಿಂದ ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್ ಕ್ರೀಮನ್ನೂ ಅಲ್ಲಿ ನಿಷೇಧಿಸಿದರು. ಮಾಲ್ಡೀವ್ಸ್ ಕೂಡ ಸುಮ್ನೆ ಕೂತಿಲ್ಲ. ರೆಸಾರ್ಟಿನಲ್ಲಿ ಇರುವವರಿಗೆ ದಿನಕ್ಕೆ 6 ಡಾಲರ್ ಇದ್ದ ಹಸಿರು ತೆರಿಗೆಯನ್ನು 2025ರಿಂದ 12 ಡಾಲರ್ ಮಾಡಿದೆ.

ಇಷ್ಟೆಲ್ಲ ಹೇಳಿ ನೀವೇ ಬುಕಿಂಗ್ ಮಾಡುತ್ತೀರಲ್ಲ?

ಮಾಡುತ್ತೇನೆ. ಯಾರೂ ಹೋಗದಿದ್ದರೆ ಅವರ ಗತಿ ಏನು ಅಂತ 2020ರಲ್ಲಿ ನೋಡಿದ್ದೇನೆ. ಆದರೆ ಮೊದಲು ಊರವರ ಗೆಸ್ಟ್ ಹೌಸ್ ತೋರಿಸುತ್ತೇನೆ. ರೆಸಾರ್ಟೇ ಬೇಕು ಅಂದವರಿಗೆ ಅದನ್ನೂ ಮಾಡಿಕೊಡುತ್ತೇನೆ.

ಹೋಗುವವರು ಏನು ಮಾಡಬಹುದು?

ಸ್ಟೀಲ್ ಬಾಟಲಿ ಒಯ್ಯಿರಿ. ಸೋಪು, ಶಾಂಪೂ ಮನೆಯದೇ ಇರಲಿ, ರೂಮಿನಲ್ಲಿಟ್ಟ ಪುಟ್ಟ ಬಾಟಲಿ ಒಡೆಯಬೇಡಿ. ಹವಳದ ಮೇಲೆ ನಿಲ್ಲಬೇಡಿ, ಕ್ರೀಮಿನ ಬದಲು ತುಂಬುತೋಳಿನ ಅಂಗಿ ಹಾಕಿ ನೀರಿಗಿಳಿಯಿರಿ. ಬೆಳಗಿನ ತಿಂಡಿಗೆ ‘ಮಾಸ್ ಹುನಿ’ ಕೇಳಿ. ಟ್ಯೂನಾ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ರೊಟ್ಟಿ ಜೊತೆ ಕೊಡುತ್ತಾರೆ, ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ. ಆ ಮೀನು ಅಲ್ಲಿಯ ದೋಣಿಯಲ್ಲೇ ಬಂದದ್ದು. ಪ್ಲಾಸ್ಟಿಕ್ ಒಯ್ದಿದ್ದರೆ ಖಾಲಿ ಕವರುಗಳನ್ನು ಬ್ಯಾಗಿನಲ್ಲಿ ವಾಪಸ್ ತನ್ನಿ. ಹೋದ ವರ್ಷ ಕಾರಟಗಿಯ ಹೊಸ ಜೋಡಿಯೊಂದು ಹಾಗೆ ತಂದು ನನ್ನ ಟೇಬಲ್ ಮೇಲಿಟ್ಟು ತೋರಿಸಿತು: ಚಿಪ್ಸ್ ಕವರು, ಖಾರದ ಪುಡಿಯ ಪೊಟ್ಟಣ, ಎರಡು ಕೊಬ್ಬರಿ ಎಣ್ಣೆ ಡಬ್ಬಿ. ನಾನೇ ಹೋಗಿ ನಗರಸಭೆಯ ಕಸದ ಗಾಡಿಗೆ ಹಾಕಿ ಬಂದೆ.